ಗಂಧ ಹಚ್ಚಿದ ಆರು ಬಾಣ

ಕಟುಕನ ಅಂಗಡಿಯಿಂದ ತಂದ ಹಂದಿಯ ಮುಂಗಾಲನ್ನು ಚರ್ಮ, ಮೂಳೆ, ಭುಜ ಸಮೇತ ಹಿತ್ತಲಿನ ಹುಲ್ಲಿನ ಪೆಂಡಿಗೆ ತಂತಿಯಲ್ಲಿ ಬಿಗಿದು, ಉಮಾನಾಥ ಇಪ್ಪತ್ತು ಗಜ ಹಿಂದೆ ಬಂದು ಬಿಲ್ಲು ಎತ್ತಿದ. ಎರಡು ತುದಿಯಲ್ಲೂ ಗಾಲಿಯಿರುವ ಕಾಂಪೌಂಡ್ ಬಿಲ್ಲು ಅದು. ಎಳೆಯಲು ಹೊರಟರೆ ತೋಳು ಕಿತ್ತುಬರುವಷ್ಟು ಬಿಗಿ, ಪೂರ್ತಿ ಎಳೆದ ಮೇಲೆ ಹಗುರ. ಬಾಣ ಹೋದದ್ದು ಕಣ್ಣಿಗೆ ಕಾಣಲಿಲ್ಲ. ತೆಂಗಿನಕಾಯಿ ಒಡೆದಂಥ ಸದ್ದು ಕೇಳಿತು, ಅಷ್ಟೇ. ಹತ್ತಿರ ಹೋಗಿ ನೋಡಿದರೆ ಭುಜದ ಮೂಳೆ ಎರಡು ಹೋಳು. ಬಾಣ ಗರಿಯವರೆಗೂ ಪೆಂಡಿಯೊಳಗೆ ಹೂತಿತ್ತು.

"ಭಾವ, ಹೀಗೆ ಹೊಡೆಸಿಕೊಂಡು ಯಾರಾದ್ರೂ ನಮ್ಮ ಎಮರ್ಜೆನ್ಸಿಗೆ ಬಂದ್ರೆ ನಾನು ಗ್ಲೌಸು ಹಾಕುದೇ ಇಲ್ಲ ಮಾರಾಯ್ರೆ. ವೇಸ್ಟು," ಅಂದ ಗುರುದತ್.

ಉಮಾನಾಥನಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಬೇಕಿರಲಿಲ್ಲ. ಗುರುದತ್ ಅವನ ಹೆಂಡತಿ ಜಯಂತಿಯ ಒಬ್ಬನೇ ತಮ್ಮ. ಇವರಂತೆಯೇ ಕಡಲು ದಾಟಿ ಬಂದಿದ್ದ ಅವನಿಗೆ ಸರ್ಜನ್ ಆಗಲು ಇನ್ನೊಂದೇ ವರ್ಷ ಬಾಕಿಯಿತ್ತು. ರಜೆ ಸಿಕ್ಕಿದಾಗಲೆಲ್ಲ ಕ್ಯಾಂಪ್‌ಬೆಲ್‌ನ ಅಕ್ಕನ ಮನೆಗೆ ಬಂದು ಬೀಳುತ್ತಿದ್ದ. ಬಂದರೆ ಸುಮ್ಮನೆ ಕೂರುವವನಲ್ಲ. ಕುರ್ಚಿಯ ಕೈಗೆ, ಫ್ರಿಜ್ಜಿನ ಹಿಡಿಗೆ, ಸಿಕ್ಕಿದ್ದಕ್ಕೆಲ್ಲ ದಾರ ಕಟ್ಟಿ, ಎಡಗೈ ಒಂದರಲ್ಲೇ ಗಂಟು ಹಾಕುವ ಅಭ್ಯಾಸ ಮಾಡುತ್ತಿದ್ದ. ಆ ಗಂಟುಗಳನ್ನು ಬಿಚ್ಚುವ ಕೆಲಸ ಮಾತ್ರ ಜಯಂತಿಯದು. ಬೈಯುತ್ತಲೇ ಬಿಚ್ಚುತ್ತಿದ್ದಳು, ಬೈಗುಳದೊಳಗಿನ ಹೆಮ್ಮೆ ಪಕ್ಕದ ಮನೆಯವರಿಗೂ ಗೊತ್ತಾಗುವಂತಿತ್ತು.

ಈ ಬಾಣಗಳ ಹಿಂದೆ ಒಂದು ಅವಮಾನವಿತ್ತು. ಹಿಂದಿನ ವರ್ಷ ಉಮಾನಾಥ ಹೊಡೆದ ಅಲ್ಯುಮಿನಿಯಂ ಬಾಣ ಹಂದಿಯ ಭುಜಕ್ಕೆ ತಾಗಿ ಬಗ್ಗಿಹೋಗಿತ್ತು, ಹಂದಿ ಅದನ್ನು ಹೊತ್ತುಕೊಂಡೇ ಪೊದೆ ಸೇರಿತ್ತು. ಎರಡು ದಿನ ಹುಡುಕಿದರೂ ಸಿಗಲಿಲ್ಲ. ಕಾರ್ಕಳದ ಕಡೆ ಅವನಪ್ಪ ಕೋವಿ ಹಿಡಿದು ಬೇಟೆಯಾಡಿದವರು. ಗಾಯ ಮಾಡಿದವನೇ ಮುಗಿಸಬೇಕು ಅನ್ನುವುದು ಅವರ ಕಟ್ಟಳೆ. ಪ್ರಾಣಿಯನ್ನು ನರಳಲು ಬಿಟ್ಟು ಬಂದವನಿಗೆ ಆ ಮನೆಯಲ್ಲಿ ಎಲೆ ಹಾಕುತ್ತಿರಲಿಲ್ಲ. ಅಪ್ಪ ಸತ್ತು ಹತ್ತು ವರ್ಷವಾಗಿದ್ದರೂ ಉಮಾನಾಥ ಆವತ್ತು ಊಟ ಮಾಡಿರಲಿಲ್ಲ.

ಅವನು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಉಪಗ್ರಹಗಳಿಗೆ ಕಾರ್ಬನ್ ಕೊಳವೆ ತಯಾರಾಗುತ್ತಿತ್ತು. ಕೊಳವೆಗಳನ್ನು ಪರೀಕ್ಷಿಸಿ, ಕೂದಲೆಳೆ ಸೀಳಿದ್ದರೂ ಕೆಂಪು ಚೀಟಿ ಅಂಟಿಸಿ ತಿಪ್ಪೆಗೆ ಹಾಕುವುದು ಅವನ ಉದ್ಯೋಗ. ಉಳಿದ ತುಂಡುಗಳನ್ನು ಕೇಳಿ ತಂದು, ಗ್ಯಾರೇಜಿನಲ್ಲಿ ಒಂದು ತಿಂಗಳು ಕೂತು ಆರು ಬಾಣ ಮಾಡಿದ. ಅಳೆದು, ಸಣ್ಣ ಗರಗಸದಲ್ಲಿ ಕೊಯ್ದು, ಮುಂದೆ ಮೂರು ಅಲಗಿನ ಮೊನೆ ಕೂರಿಸಿದ. ಅಲಗು ಮಸೆದು ಮಸೆದು ಅವನ ಮೊಣಕೈ ಕೆಳಗೆ ಒಂದು ಕೂದಲೂ ಉಳಿದಿರಲಿಲ್ಲ, ಹರಿತ ನೋಡಿದ್ದೆಲ್ಲ ಅಲ್ಲೇ. ಗರಿಗಳನ್ನು ದಾರದಿಂದ ಸುತ್ತಿ ಗಂಟು ಹಾಕಿದವನು ಗುರುದತ್. ಆರಕ್ಕೆ ಆರೂ ಒಂದೇ ತೂಕ, ಒಂದೇ ಉದ್ದ, ಒಂದೇ ಕಪ್ಪು. ಆಫೀಸಿನಲ್ಲಿ ಬೆರಳುದ್ದದ ತುಂಡಿಗೂ ನಂಬರು ಬರೆಯುವ ಈ ಮಹಾನುಭಾವ ಮನೆಯ ಬಾಣಕ್ಕೆ ನಂಬರು ಹಾಕಲಿಲ್ಲ.

"ಅಲ್ಯುಮಿನಿಯಂ ಬಗ್ಗಿ ತನ್ನ ತಪ್ಪು ಒಪ್ಪಿಕೊಳ್ತದೆ. ಈ ಕಾರ್ಬನ್ ಹಾಗಲ್ಲ, ಒಳಗೆ ಸೀಳಿದ್ರೂ ನೆಟ್ಟಗೆ ನಿಂತಿರ್ತದೆ," ಎಂದು ಗುರುದತ್‌ಗೆ ಪಾಠ ಹೇಳಿದ್ದ. ಎರಡು ತುದಿ ಹಿಡಿದು, ಕಿವಿಯ ಹತ್ತಿರ ತಂದು, ತುಸು ಬಗ್ಗಿಸಿ ತಿರುಗಿಸುತ್ತಾ ಹೋಗಬೇಕು. ಸೀಳಿದ್ದರೆ ಒಳಗಿನಿಂದ ಟಿಕ್ ಅನ್ನುತ್ತದೆ. ಹಾಗೆ ಟಿಕ್ ಅಂದ ಬಾಣವನ್ನು ಬಿಲ್ಲಿಗೇರಿಸಿದರೆ ಬಿಟ್ಟ ಕ್ಷಣವೇ ಸಿಡಿದು, ಸೂಜಿ ಸೂಜಿಯಾಗಿ, ಬಿಲ್ಲು ಹಿಡಿದ ಎಡಗೈಯೊಳಗೆ ನುಗ್ಗುತ್ತದೆ.

ಅದು ಎಂಬತ್ತಾರನೇ ಇಸವಿಯ ಅಕ್ಟೋಬರ್, ಆಯುಧಪೂಜೆಯ ಭಾನುವಾರ. ಮರುದಿನ ರಜೆ, ಬೇಟೆ. ಸಂಜೆ ಕೊನೆಯ ಸುತ್ತು ಹೊಡೆಯುವಾಗ ಆರನೇ ಬಾಣ ಪೆಂಡಿಯಲ್ಲಿ ಆಗಲೇ ನಾಟಿದ್ದ ಇನ್ನೊಂದರ ಪಕ್ಕೆಗೆ ಟಕ್ ಎಂದು ಬಡಿದು ಜಾರಿತು. ಮೇಲ್ನೋಟಕ್ಕೆ ಎರಡರಲ್ಲೂ ಗೀರು ಕೂಡ ಇರಲಿಲ್ಲ. ಉಮಾನಾಥ ಎಲ್ಲವನ್ನೂ ಕಿತ್ತು ಗ್ಯಾರೇಜಿನ ಮೇಜಿನ ಮೇಲಿಟ್ಟು, ಬಗ್ಗಿಸಿ ನೋಡಿದರಾಯಿತೆಂದು ಕೈ ತೊಳೆಯಲು ಒಳಗೆ ಹೋದ.

ವಾಪಸು ಬರುವಷ್ಟರಲ್ಲಿ ಜಯಂತಿ ಬಿಲ್ಲು, ಬಾಣ, ಡ್ರಿಲ್ಲು, ಸ್ಪ್ಯಾನರು, ಗುರುದತ್‌ನ ಸ್ಟೆತಸ್ಕೋಪು ಎಲ್ಲವನ್ನೂ ಸಾಲಾಗಿ ಜೋಡಿಸಿ, ಪ್ರತಿ ಬಾಣಕ್ಕೂ ಉದ್ದಕ್ಕೆ ಗಂಧ ಬಳಿದು ಕುಂಕುಮವಿಟ್ಟು, ಆರತಿಯನ್ನೂ ಹಚ್ಚಿಬಿಟ್ಟಿದ್ದಳು.

"ಒಂದು ಪರೀಕ್ಷೆ ಬಾಕಿ ಉಂಟು ಮಾರಾಯ್ತಿ," ಎಂದು ಉಮಾನಾಥ ಕೈ ಚಾಚಿದ.

"ಪೂಜೆಗಿಟ್ಟದ್ದನ್ನು ನಾಳೆವರೆಗೆ ಮುಟ್ಲಿಕ್ಕಿಲ್ಲ. ವರ್ಷಕ್ಕೆ ಒಂದು ದಿನ, ಅದಕ್ಕೂ ನಿಮ್ಮದು ತಕರಾರು," ಎಂದು ಅವಳು ಕೈ ತಡೆದಳು. ಆಮೇಲೆ ದನಿ ಇಳಿಸಿ, "ಕೊಲ್ಲುದು ನಿಮ್ಮ ಹುಚ್ಚು, ಆಗ್ಲಿ. ಅವನ ಕೈಗೆ ಮಾತ್ರ ಎಂತದೂ ಆಗ್ಬಾರ್ದು. ಅಮ್ಮ ಬಳೆ ಮಾರಿ ಓದಿಸಿದ ಕೈ ಅದು," ಅಂದಳು.

ಹಬ್ಬದ ದಿನ ಜಗಳ ಯಾಕೆಂದು ಉಮಾನಾಥ ಸುಮ್ಮನಾದ. ಮಹಾ ಮುಂಗೋಪಿ ಆತ. ಸುಮ್ಮನಿರಬಾರದ ಕಡೆಯೇ ಸುಮ್ಮನಾದ.

ಬೆಳಗ್ಗೆ ಏಳರ ಹೊತ್ತಿಗೆ ಅವರು ಗಿಲ್‌ರಾಯ್ ದಾಟಿ, ಪರಿಚಯದ ಮುದುಕನ ಹುಲ್ಲುಗಾವಲಿನ ಗುಡ್ಡದಲ್ಲಿದ್ದರು. ಕಾಡುಹಂದಿಗಳು ನೆಲವನ್ನು ನೇಗಿಲು ಹೊಡೆದಂತೆ ಬಗೆದಿದ್ದವು. ಇಬ್ಬರಿಗೂ ಒಂದೊಂದು ಬಿಲ್ಲು, ಬತ್ತಳಿಕೆಗೆ ತಲಾ ಮೂರು ಬಾಣ. ಉಮಾನಾಥ ಮೊದಲು ತನ್ನ ಮೂರನ್ನು ಕಿವಿಗಿಟ್ಟು ಬಗ್ಗಿಸಿದ. ಎರಡು ಮೌನ. ಮೂರನೆಯದು ಟಿಕ್ ಅಂದಿತು.

"ಸಿಕ್ಕಿಬಿದ್ಯಲ್ಲ ಕಳ್ಳ!" ಎಂದು ಅದನ್ನು ಮೊಣಕಾಲಿಗೆ ಕೊಟ್ಟು ಲಟಕ್ಕನೆ ಮುರಿದು ಬಿಸಾಡಿದ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

"ನನ್ನದೂ ನೋಡ್ಲಾ ಭಾವ?"

"ಬೇಡ, ಸಿಕ್ತಲ್ಲ. ಅಲ್ಲಿ ನೋಡು," ಎಂದು ಉಮಾನಾಥ ಬೆರಳು ತೋರಿಸಿದ. ಓಕ್ ಮರದ ಕೆಳಗೆ ಒಂದು ಗಂಡು ಹಂದಿ ಉದುರಿದ ಬೀಜ ಮೇಯುತ್ತಿತ್ತು. ಇನ್ನೂರೈವತ್ತು ಪೌಂಡಾದರೂ ಇದ್ದೀತು, ಕೋರೆ ಇಲ್ಲಿಂದಲೇ ಹಳದಿಯಾಗಿ ಕಾಣುತ್ತಿತ್ತು.

ಉಮಾನಾಥ ತೆವಳಿಕೊಂಡು ಇಪ್ಪತ್ತೈದು ಗಜದಷ್ಟು ಹತ್ತಿರ ಹೋಗಿ ಹೊಡೆದ. ಬಿಡುವ ಕ್ಷಣದಲ್ಲಿ ಹಂದಿ ತಿರುಗಿತು. ಎದೆಗೆ ಹೋಗಬೇಕಾದ ಬಾಣ ಹೊಟ್ಟೆಗೆ ಹೋಯಿತು. ಆ ಕಿರುಚಾಟ ಕೇಳಿ ಗುಡ್ಡದ ಹಕ್ಕಿಗಳೆಲ್ಲ ಎದ್ದವು. ಹಂದಿ ಮಲ, ರಕ್ತ ಎರಡನ್ನೂ ಚೆಲ್ಲುತ್ತಾ ಮುಳ್ಳುಪೊದೆಯೊಳಗೆ ನುಗ್ಗಿತು.

ಕಾಯಬೇಕು. ಗಂಟೆಗಟ್ಟಲೆ ಕಾದರೆ ಅದೇ ಸಾಯುತ್ತದೆ, ಇದು ಎಂಥ ಹೊಸಬನಿಗೂ ಗೊತ್ತಿರುವ ವಿಷಯ. ಆದರೆ ಒಳಗಿನಿಂದ ನರಳಾಟ ಕೇಳುತ್ತಿತ್ತು, ಉಮಾನಾಥನ ತಲೆಯಲ್ಲಿ ಅಪ್ಪ ಎಲೆ ಎತ್ತಿಡುತ್ತಿದ್ದರು. "ನೀನಿಲ್ಲೇ ನಿಲ್ಲು," ಎಂದು ಹೇಳಿ ಅವನು ಪೊದೆಗೆ ಹೊಕ್ಕ.

ಹತ್ತು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಹಂದಿ ಪಕ್ಕದಿಂದ ಬಂತು. ಬಿಲ್ಲು ಒಂದು ಕಡೆ, ಅವನೊಂದು ಕಡೆ ಬಿದ್ದ. ಕೋರೆ ತೊಡೆಯನ್ನು ಮೊಣಕಾಲಿನಿಂದ ಮೇಲಕ್ಕೆ ಬಗೆಯಿತು. ನೋವಾಗಲಿಲ್ಲ, ಪ್ಯಾಂಟಿನೊಳಗೆ ಬಿಸಿನೀರು ಸುರಿದಂತಾಯಿತು. ಎರಡೂ ಕೈಯಲ್ಲಿ ಅದರ ಕಿವಿ ಹಿಡಿದ. ಜೊಲ್ಲು, ರಕ್ತ, ಹುಳಿ ವಾಸನೆ ಮುಖದ ಮೇಲೆಯೇ. ಅದು ತಲೆ ಕೊಡವಿದಾಗಲೆಲ್ಲ ಕೋರೆ ಹೊಟ್ಟೆಯ ಕಡೆಗೆ ಒಂದೊಂದು ಬೆರಳು ಹತ್ತಿರ ಬರುತ್ತಿತ್ತು. ಸೊಂಟದ ಚೂರಿ ಬೆನ್ನಡಿ ಸಿಕ್ಕಿಕೊಂಡಿತ್ತು.

ಗುರುದತ್ ಓಡಿಬಂದು ಹದಿನೈದು ಹೆಜ್ಜೆ ದೂರದಲ್ಲಿ ನಿಂತು ಹೊಡೆದ. ಮೊದಲನೆಯದು ಹಂದಿಯ ಹಿಂದಿನ ತೊಡೆಗೆ ನಾಟಿತು, ಹಂದಿ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಎರಡನೆಯದು ಮೇಲಿಂದ ಹಾರಿ ಮರಕ್ಕೆ ಹೊಡೆಯಿತು. ಗುರುದತ್ ಮೂರನೆಯದನ್ನು ಹೆದೆಗೆ ಸಿಕ್ಕಿಸಿದ.

ಆಗ ಉಮಾನಾಥನಿಗೆ ಹೊಳೆಯಿತು. ನಿನ್ನೆ ಬಡಿದದ್ದು ಒಂದು ಬಾಣ, ಬಡಿಸಿಕೊಂಡದ್ದು ಇನ್ನೊಂದು. ಸೀಳಿರಬಹುದಾದದ್ದು ಒಂದಲ್ಲ, ಎರಡು. ತಾನು ಮುರಿದದ್ದು ಒಂದನ್ನು. ತನ್ನ ಉಳಿದೆರಡು ಟಿಕ್ ಅನ್ನಲಿಲ್ಲ. ಗುರುದತ್‌ನ ಎರಡು ಸಿಡಿಯದೆ ಹೋದವು. ಉಳಿದದ್ದು ಆ ಎಡಗೈಯ ಮೇಲೆ ಕೂತಿರುವ, ಗಂಧ ಮೆತ್ತಿದ ಅದೊಂದೇ. ಕೊಳವೆ ಪರೀಕ್ಷಿಸುವ ತಲೆಗೆ ಇಷ್ಟು ಹೊಳೆಯಲು ಒಂದು ಉಸಿರಿನಷ್ಟೂ ಹೊತ್ತು ಹಿಡಿಯಲಿಲ್ಲ. ಬೇಡ ಅನ್ನಲು ಬಾಯಿ ತೆರೆದ. ಕೋರೆ ಹೊಟ್ಟೆಯ ಚರ್ಮಕ್ಕೆ ತಾಗಿತು.

"ಹೊಡಿ! ಹೊಡಿಯಾ ಗುರು!"

ಸಿಡಿದ ಸದ್ದು ಕೋವಿ ಹಾರಿದ ಹಾಗಿತ್ತು. ಆಮೇಲೆ ಗುರುದತ್‌ನ ಕೂಗು. ಹಂದಿ ಆ ಕೂಗಿನ ಕಡೆ ತಲೆ ತಿರುಗಿಸಿತು, ಅಷ್ಟು ಸಾಕಾಯಿತು. ಉಮಾನಾಥ ಮಗ್ಗುಲಾಗಿ ಚೂರಿ ಕಿತ್ತು ಅದರ ಕುತ್ತಿಗೆಗೆ ಇಳಿಸಿದ. ಮತ್ತೆ ಇಳಿಸಿದ. ಅದು ಸತ್ತ ಮೇಲೂ ಇಳಿಸುತ್ತಲೇ ಇದ್ದ. ಬಾಣದ ಮೊನೆ ಯಾರಿಗೂ ತಾಗದೆ ಒಂದು ಮಾರು ದೂರದ ಮಣ್ಣಿನಲ್ಲಿ ಬಿದ್ದಿತ್ತು.

ಗುರುದತ್ ಮಂಡಿಯೂರಿ ಕೂತಿದ್ದ. ಹೆಬ್ಬೆರಳಿನ ಬುಡದಲ್ಲಿ ಒಳಹೊಕ್ಕ ಕಪ್ಪು ಸೀಳುಗಳು ಮಣಿಕಟ್ಟಿನ ಹಿಂದಿನಿಂದ ಪೊರಕೆ ಕಡ್ಡಿಯ ಹಾಗೆ ಹೊರಬಂದಿದ್ದವು. ಉಮಾನಾಥ ಕುಂಟುತ್ತಾ ಬಂದು ಅವನ್ನು ಹಿಡಿಯಹೋದ.

"ಎಳೀಬೇಡಿ. ಒಳಗೆ ನೂರು ಚೂರು ಉಂಟು. ಮೇಲೆ ಬೆಲ್ಟು ಬಿಗೀರಿ. ನಿಮ್ಮ ತೊಡೆಗೂ ಕಟ್ಟಿ," ಎಂದ ಗುರುದತ್. ದನಿ ಬೇರೆ ಯಾರದೋ ಕೈಯ ಬಗ್ಗೆ ಮಾತಾಡಿದಂತಿತ್ತು. ಹೆಬ್ಬೆರಳು ಅಲುಗಿಸಲು ನೋಡಿದ. ಅದು ಅಲುಗಲಿಲ್ಲ. ಇನ್ನೊಮ್ಮೆ ನೋಡಿದ. ಮತ್ತೆ ನೋಡಲಿಲ್ಲ.

ಉಮಾನಾಥ ತನ್ನ ಪಿಕಪ್ ಟ್ರಕ್ಕನ್ನು ಫ್ರೀವೇಗೆ ಹತ್ತಿಸಿದ. ಆಮೇಲೆ ಗುರುದತ್ ಕಣ್ಣು ಮುಚ್ಚಿಕೊಂಡೇ ಕೇಳಿದ: "ನೀವು ಮುರಿದದ್ದರ ಜೊತೆಯದ್ದು, ಅಲ್ವಾ?"

"ಹೌದು."

"ಹೊಡಿ ಅನ್ನುವಾಗ ನೆನಪಿತ್ತಾ ನಿಮಗೆ?"

ಉಮಾನಾಥ ರಸ್ತೆ ನೋಡುತ್ತಾ ಹೋದ. ಗುರುದತ್, "ಆಯ್ತು. ಅಕ್ಕನಿಗೆ ಹೇಳುದು ಬೇಡ," ಅಂದ.

ಜಯಂತಿ ಆಸ್ಪತ್ರೆಗೆ ಬಂದಾಗ ಉಮಾನಾಥನ ತೊಡೆಗೆ ನಲವತ್ತು ಹೊಲಿಗೆ ಬಿದ್ದಾಗಿತ್ತು. ಗುರುದತ್‌ನನ್ನು ಆಪರೇಷನ್ನಿಗೆ ತಳ್ಳಿಕೊಂಡು ಹೋಗುತ್ತಿದ್ದರು. ಅವನು ಅಕ್ಕನಿಗೆ ಹೇಳಿದ್ದು ಇಷ್ಟೇ: "ಭಾವ ಬೇಡ ಬೇಡ ಅಂತ ಬೊಬ್ಬೆ ಹೊಡೆದ್ರು. ನಾನೇ ಕೇಳ್ಲಿಲ್ಲ."

ನಾಲ್ಕು ಗಂಟೆಯ ನಂತರ ಡಾಕ್ಟರು ಹೊರಬಂದು ಕೈ ಉಳಿಯಿತು ಅಂದರು. ಲೋಟ ಹಿಡಿಯಬಹುದು, ಕಾರು ಓಡಿಸಬಹುದು. ಸರ್ಜರಿ ಆಗುವುದಿಲ್ಲ.

ಜಯಂತಿ ಗಂಡನ ಭುಜಕ್ಕೆ ಬಿದ್ದು ಅತ್ತಳು. "ನೀವು ಬೇಡ ಅಂದಿರಲ್ಲ. ಅಷ್ಟಾದ್ರೂ ಉಂಟಲ್ಲ ನನಗೆ," ಅಂದಳು.

ಹಂದಿಯ ಕೋರೆಯನ್ನು ತಡೆದುಕೊಂಡಿದ್ದ ಉಮಾನಾಥನಿಗೆ ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ.

"ಅವನು ಸುಳ್ಳು ಹೇಳಿದ. ನಾನು ಹೊಡಿ ಅಂದೆ. ಆ ಬಾಣ ಸೀಳಿದೆ ಅಂತ ಗೊತ್ತಿದ್ದೂ ಅಂದೆ, ಜಯಂತಿ. ಬೆಳಗ್ಗೆ ಅವನು ಪರೀಕ್ಷೆ ಮಾಡ್ಲಾ ಅಂತ ಕೇಳಿದ್ದ. ಬೇಡ ಅಂದವನೂ ನಾನೇ."

ಅವಳು ತಲೆಯೆತ್ತಿದಳು. ಕೆನ್ನೆಗೆ ಬಾರಿಸಿದ ಸದ್ದಿಗೆ ಕೌಂಟರಿನ ನರ್ಸು ಎದ್ದು ನಿಂತಳು. ಇನ್ನೊಂದು ಏಟು ಬಿತ್ತು. ಉಮಾನಾಥ ಮುಖ ತಿರುಗಿಸಲಿಲ್ಲ, ಮೂರನೆಯದಕ್ಕೂ ಕೊಟ್ಟು ನಿಂತ. ಎತ್ತಿದ ಕೈ ಅರ್ಧದಲ್ಲಿ ನಿಂತಿತು.

"ಪರೀಕ್ಷೆ ಅಂದ್ರೆ," ಅವಳು ಕೇಳಿದಳು, "ನಿನ್ನೆ ಗ್ಯಾರೇಜಲ್ಲಿ ಬಾಕಿ ಉಂಟು ಅಂದಿರಲ್ಲ, ಅದಾ?"

"ಅದೇ."

"ಎಷ್ಟು ಹೊತ್ತು ಬೇಕಿತ್ತು ಅದಕ್ಕೆ?"

ಈ ಒಂದು ಪ್ರಶ್ನೆಗೆ ಸುಳ್ಳು ಹೇಳಿಬಿಡೋಣ ಅನಿಸಿತು ಉಮಾನಾಥನಿಗೆ. ಗಂಟೆ ಬೇಕಿತ್ತು, ಮೆಷಿನ್ನು ಬೇಕಿತ್ತು, ಏನಾದರೊಂದು. ಆದರೆ ಅವನು ಸುಳ್ಳು ಹುಡುಕುತ್ತಿದ್ದುದು ಅವಳಿಗೆ ಕಂಡಾಗಿತ್ತು.

"ಒಂದಕ್ಕೆ ಅರ್ಧ ನಿಮಿಷ," ಅಂದ.

"ಆರಕ್ಕೆ ಮೂರು," ಅಂದಳು ಜಯಂತಿ. ಹೊಡೆಯಲು ಎತ್ತಿದ್ದ ಕೈಯನ್ನು ಇಳಿಸಿ ನೋಡಿಕೊಂಡಳು. ಉಂಗುರದ ಬೆರಳಿನ ಉಗುರಿನಡಿ ನಿನ್ನೆಯ ಗಂಧ ಒಣಗಿ ಕೂತಿತ್ತು. ಕುರ್ಚಿಯಲ್ಲಿ ಕುಸಿದು ಅದನ್ನು ಇನ್ನೊಂದು ಕೈಯ ಉಗುರಿನಿಂದ ಕೆರೆಯತೊಡಗಿದಳು. ಗಂಧ ಹೋಗಿ ರಕ್ತ ಬಂತು, ಆದರೂ ಕೆರೆಯುತ್ತಲೇ ಇದ್ದಳು. ಉಮಾನಾಥ ಅವಳ ಕೈ ಹಿಡಿಯಲು ಹೋದಾಗ, "ಮುಟ್ಟಬೇಡಿ," ಅಂದಳು.