ಕಣ್ಣೊಳಗಿನ ಹಳದಿ ನೀರು

ಕೊಳವೆಯೊಳಗಿನ ನೀರು ಹಳದಿಯಾಗಿತ್ತು. ಪ್ರಯೋಗಾಲಯದಲ್ಲಿ ಲೆಸಿಯೇಲಿ ಅದನ್ನು ಬೆಳಕಿಗೆ ಹಿಡಿದು ಓರೆ ಮಾಡಿದಳು. ಸಕ್ಕರೆ ಪಾಕದಂತೆ ಅಂಟಂಟಾಗಿ ಇಳಿಯಿತು. ಕಣ್ಣಿನ ಒಳಗೋಡೆಗೆ ಅಂಟಿರುವ ಅಕ್ಷಿಪಟಲ ಈಚೆಗಷ್ಟೇ ಕಿತ್ತುಬಂದಿದ್ದರೆ ಅದರ ಹಿಂದಿನ ನೀರು ಹೀಗಿರುವುದಿಲ್ಲ, ತಿಳಿಯಾಗಿರುತ್ತದೆ. ಯಂತ್ರವೂ ಅದನ್ನೇ ಹೇಳಿತು: ಪ್ರೋಟೀನು ವಿಪರೀತ, ತಿಂಗಳುಗಟ್ಟಲೆ ನಿಂತ ನೀರು. ಕೊಳವೆಯ ಮೇಲೆ ಹೆಸರಿರಲಿಲ್ಲ. ಆದರೆ ಅವಳು ಕೆಲಸ ಮಾಡುವ ಆಕ್ಲೆಂಡಿನ ಆಸ್ಪತ್ರೆಯಲ್ಲಿ ಅವತ್ತು ಇಂಥ ಆಪರೇಷನ್ ಆದದ್ದು ಒಬ್ಬನಿಗೇ, ಅವಳ ತಮ್ಮ ಸೆಮಿಸಿಗೆ.

ಶನಿವಾರ ರಗ್ಬಿ ಆಡುವಾಗ ಮೊಣಕೈ ಬಡಿಯಿತು ಎಂದು ಅವನು ಡಾಕ್ಟರಿಗೆ ಹೇಳಿದ್ದ. ಹಸಿ ಸುಳ್ಳು! ಅದನ್ನೇ ನಂಬಿ ಅವರು ಕಣ್ಣಿಗೆ ಗ್ಯಾಸ್ ತುಂಬಿ, ನಾಳೆ ಮನೆಗೆ ಹೋಗು ಎಂದಿದ್ದರು. ಕಿತ್ತುಬಂದು ತಿಂಗಳುಗಳಾಗಿದ್ದರೆ ಬರೀ ಗ್ಯಾಸ್ ಸಾಲದು, ಒಳಗೆ ಕಲೆಗಟ್ಟಿ ಪಟಲವನ್ನು ಮತ್ತೆ ಎಳೆಯುತ್ತದೆ. ಆಗ ಕಣ್ಣು ಹೋದಂತೆಯೇ. ಸಂಶೋಧನೆಗೆಂದು ಬಂದ ನೀರು ಯಾರದೆಂದು ಲೆಸಿಯೇಲಿ ಬಾಯಿಬಿಡುವಂತಿಲ್ಲ. ಹೇಳಬೇಕಾದವನು ಅವನೇ.

ಸಾಲದ್ದಕ್ಕೆ ಟೋಂಗಾ ದ್ವೀಪದಿಂದ ಬಂದ ಅವರ ಮನೆಯ ಕಟ್ಟುಪಾಡು ಬೇರೆ. ಮೀಸೆ ಮೂಡಿದ ತಮ್ಮನ ಕೋಣೆಗೆ ಅಕ್ಕ ಕಾಲಿಡುವುದಿಲ್ಲ. ಇಷ್ಟು ವರ್ಷ ಇಬ್ಬರ ಮಾತು ಓಡಾಡಿದ್ದು ಅಮ್ಮನ ಬಾಯಲ್ಲೇ. ಈಗಲೂ ಅಮ್ಮ, ತೆಂಗಿನಹಾಲಲ್ಲಿ ಬೇಯಿಸಿದ ಕೆಸುವಿನೆಲೆಯ ಡಬ್ಬಿ ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತಿದ್ದಳು. ಅವನು ಡಾಕ್ಟರಿಗೆ ನಿಜ ಹೇಳಲೇಬೇಕು ಎಂದು ಲೆಸಿಯೇಲಿ ಅಂದಾಗ, ತಂಡದಿಂದ ತೆಗೆದುಹಾಕಿಬಿಡುತ್ತಾರೆ, ಈ ವರ್ಷವೊಂದು ಆಡಿಬಿಡಲಿ ಎಂದಳು. ಅಂದರೆ ಅವಳಿಗೂ ಗೊತ್ತಿತ್ತು! ಲೆಸಿಯೇಲಿಗೆ ಮೈಯೆಲ್ಲ ಉರಿದುಹೋಯಿತು.

"ನೀನು ಒಳಗೆ ಹೋಗ್ಬಾರ್ದು ಕಣೇ," ಅಮ್ಮ ತೋಳು ಹಿಡಿದಳು.

"ಬೋರಲು ಮಲಗಿದಾನಲ್ಲಮ್ಮ, ನನ್ನ ಮುಖ ಎಲ್ಲಿ ನೋಡ್ತಾನೆ? ಬಿಡು."

ಗ್ಯಾಸಿನ ಗುಳ್ಳೆ ಪಟಲವನ್ನು ಒತ್ತಿಹಿಡಿಯಲೆಂದು ಸೆಮಿಸಿ ಮಂಚದಂಚಿನಿಂದ ತಲೆ ಇಳಿಬಿಟ್ಟು ಮಲಗಿದ್ದ. ಅವಳ ಚಪ್ಪಲಿ ಕಂಡದ್ದೇ ಮೈ ಬಿಗಿಹಿಡಿದ. ಅವಳು ನೆಲದ ಮೇಲೆ ಕೂತಳು, ಅವನ ತಲೆಗಿಂತ ಕೆಳಗೆ. ಅಕ್ಕನ ಸ್ಥಾನ ತಮ್ಮನಿಗಿಂತ ಮೇಲು; ಟೋಂಗಾದ ಯಾವ ಅಕ್ಕನೂ ತಮ್ಮನೆದುರು ಹಾಗೆ ಕೂರುವುದಿಲ್ಲ.

"ಅಕ್ಕಾ, ನೀವು ಕೆಳಗೆ ಕೂರ್ಬಾರ್ದು. ಏಳಿ."

"ಯಾವಾಗಿಂದ ಹೀಗಾಗಿದೆ? ಅದನ್ನ ಹೇಳು, ಏಳ್ತೀನಿ."

ಹೊರಗೆ ಡಾಕ್ಟರ ಮಾತು, ಹೆಜ್ಜೆ ಸಪ್ಪಳ ಹತ್ತಿರವಾದವು. ಅಮ್ಮ ಏನೋ ಹೇಳಿ ಅವರನ್ನು ತಡೆಯುತ್ತಿದ್ದಳು.

"ಕ್ರಿಸ್‌ಮಸ್ಸಿಂದ," ಎಂದ ಸೆಮಿಸಿ. "ಚೆಂಡು ಅರ್ಧಾನೇ ಕಾಣೋದು. ಆದ್ರೂ ಹಿಡೀತಿದ್ದೆ ಅಕ್ಕಾ."

"ಅವರಿಗೂ ಹೇಳು."

ಬಾಗಿಲು ತೆರೆಯಿತು. ಹೇಗಿದ್ದೀಯಪ್ಪಾ ಎಂದು ಡಾಕ್ಟರು ಕೇಳಿದರು.

"ಶನಿವಾರ ಆಗಿದ್ದಲ್ಲ, ಡಾಕ್ಟ್ರೇ," ಎಂದ ಅವನು, ನೆಲ ನೋಡುತ್ತಲೇ.

ಪಟ್ಟಿ ಕಟ್ಟದ ಕಣ್ಣಿನಿಂದ ಒಂದು ಹನಿ ಅವಳ ಮುಂಗೈ ಮೇಲೆ ಬಿತ್ತು. ತಿಳಿಯಾಗಿತ್ತು. ಅವಳು ಒರೆಸಿಕೊಳ್ಳಲಿಲ್ಲ, ಏಳಲೂ ಇಲ್ಲ.