ಮಳೆ ಹಿಂದಿನ ತಟ್ಟೆ

ಪರದೆಯ ಮೇಲಿನವರು ಏನು ತಿಂದರೆ ಅದೇ ತಿಂಡಿಯನ್ನು ನೋಡುವವರ ಕೈಗೂ ಕೊಡುವ ಸಿನಿಮಾ ಆಟ ಅದು. ಅಡುಗೆಯೆಲ್ಲ ನನ್ನ ತಮ್ಮನ ಮಗಳದು. ಹೊಸದಾಗಿ ಹಿಡಿದ ಕೆಲಸ ಅಂತ ಅವಳಪ್ಪನನ್ನೂ ನನ್ನನ್ನೂ ಕರೆಸಿ ನಡುವಿನ ಸಾಲಿನಲ್ಲಿ ಕೂರಿಸಿದ್ದಳು.

ತಮ್ಮನಿಗೆ ಕಡಲೆಬೀಜ ಆಗದು. ಚಿಕ್ಕವನಿದ್ದಾಗ ಯಾರೋ ಕೊಟ್ಟಿದ್ದನ್ನು ತಿಂದು ಗಂಟಲು ಕಟ್ಟಿ, ತುಟಿ ನೀಲಿಯಾಗಿ, ಅವ್ವ ಅವನನ್ನು ಹೆಗಲಿಗೆ ಹಾಕಿಕೊಂಡು ಬರಿಗಾಲಲ್ಲಿ ಓಡಿದ್ದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ದೀಪ ಆರುವ ಮೊದಲು ಮಗಳು ಓಡಿ ಬಂದು ಬಗ್ಗಿ ಹೇಳಿದಳು. “ಅಪ್ಪ, ಒಂದರಲ್ಲಿ ಕಡಲೆಬೀಜ ಇದೆ. ನಿಮಗೆ ಬೇರೆ ಮಾಡ್ಬಹುದಿತ್ತು, ಕತ್ತಲಲ್ಲಿ ಅದಲು ಬದಲಾದ್ರೆ ಏನು ಗತಿ? ಮಳೆ ಹಿಂದಿನ ತಟ್ಟೆ ಮಾತ್ರ ಮುಟ್ಟಬೇಡಿ.”

“ಏನದು ತಿಂಡಿ?”

“ಹೇಳಲ್ಲ. ಹೇಳಿದ್ರೆ ಮಜಾ ಹೋಗುತ್ತೆ. ಅತ್ತೆ, ನೀವು ನೋಡ್ಕೊಳ್ಳಿ.”

ದೀಪ ಆರಿತು. ಪರದೆಯ ಮೇಲೆ ಒಬ್ಬ ರೈಲು ಓಡಿಸುವವನು ಆಲೂಗಡ್ಡೆ ಸುಡುತ್ತಿದ್ದ. ನಮ್ಮ ಕೈಗೂ ಸುಟ್ಟ ಆಲೂಗಡ್ಡೆ ಬಂತು. ತಮ್ಮ ತಿನ್ನಲಿಲ್ಲ.

“ಯಾಕೋ?”

“ಮಳೆ ಯಾವಾಗ ಬರುತ್ತೋ ನನಗೇನು ಗೊತ್ತಕ್ಕ? ಅದಕ್ಕಿಂತ ಮುಂಚಿನದು ತಿನ್ನಬಾರದು ಅಂದ್ರೆ, ಪ್ರತಿಯೊಂದನ್ನೂ ಕೈಯಲ್ಲಿ ಹಿಡ್ಕೊಂಡು ಆಕಾಶ ನೋಡ್ಬೇಕು.”

“ಬಾಯಿ ಮುಚ್ಕೊಂಡು ನೋಡು.”

ಗಡಿಯಾರ ರಿಪೇರಿ ಮಾಡಿ ಬದುಕಿದವನು, ಕಾಯುವುದು ಅವನಿಗೆ ಹೊಸದಲ್ಲ. ಕಿತ್ತಳೆ ತೊಳೆ ಬಂದ ಮೇಲೆ ಆಲೂಗಡ್ಡೆ ತಿಂದ. ಬ್ರೆಡ್ಡು ಬಂದ ಮೇಲೆ ಕಿತ್ತಳೆ ತಿಂದ. ಬ್ರೆಡ್ಡು ಕೈಯಲ್ಲಿರುವಾಗಲೇ ಪರದೆಯ ಮೇಲೆ ಗುಡುಗಿತು. ಮಳೆ ಸುರಿಯತೊಡಗಿತು.

“ಸಿಕ್ಕಿಬಿದ್ದ ಕಳ್ಳ!” ಅಂದು ಬ್ರೆಡ್ಡನ್ನು ಕುರ್ಚಿಯ ಕೆಳಗೆ ತಳ್ಳಿದ. ನನಗೂ ಎದೆಯ ಭಾರ ಇಳಿದ ಹಾಗಾಯಿತು.

ಮಳೆ ಹೊತ್ತು ಹೋದರೂ ನಿಲ್ಲಲಿಲ್ಲ. ತಿಂಡಿಯೂ ಬರಲಿಲ್ಲ. ಕೊನೆಗೆ ಪರದೆಯ ಮೇಲೆ ನೆನೆದು ತೊಪ್ಪೆಯಾದ ಒಬ್ಬ ಹೆಂಗಸಿಗೆ ಯಾರೋ ಚಹಾ ಕೊಟ್ಟರು, ಪಕ್ಕದಲ್ಲೊಂದು ಬಿಸ್ಕತ್ತು. ನಮ್ಮ ಸಾಲಿಗೂ ತಟ್ಟೆ ಬಂತು. ಈಗ ತಮ್ಮನಿಗೆ ಕಾಯುವ ಕೆಲಸವಿಲ್ಲ. ಗಡಿಯಾರದ ತಿರುಪು ಎತ್ತುವವನ ಹಾಗೆ ಎರಡು ಬೆರಳಲ್ಲಿ ಬಿಸ್ಕತ್ತು ಎತ್ತಿ ಕಚ್ಚಿದ.

ಬಡಿಸುವವನು ಹಿಂದಿನವನಿಗೆ ಪಿಸುಗುಟ್ಟುವುದು ಆಗಲೇ ನನ್ನ ಕಿವಿಗೆ ಬಿತ್ತು. “ಬೇಗ ಬಾರೋ, ಮಳೆ ಹಿಂದೇನೇ ಕೊಡ್ಬೇಕು ಅಂದಿದ್ರು ಅಡುಗೆ ಅಕ್ಕ, ತಡ ಆಯ್ತು.”

ಹಿಂದೇನೇ. ಮುಂಚಿನದಲ್ಲ, ಮಳೆಯ ಬೆನ್ನ ಹಿಂದೆ ಬರುವ ಹಾಗೆ.

“ಉಗಿಯೋ!” ನಾನು ಕೂಗಿದ್ದು ನನಗೇ ಹೊಸದಾಗಿ ಕೇಳಿಸಿತು. ಜನ ತಿರುಗಿದರು. “ಏನಕ್ಕ?” ಅಂತ ತಮ್ಮ ತುಂಬಿದ ಬಾಯಲ್ಲಿ ಕೇಳಿದ. ಅವನ ದವಡೆ ಹಿಡಿದು ಅಂಗೈ ಒಡ್ಡಿದೆ. ಉಗಿದ. ಆದರೆ ಒಂದು ತುತ್ತು ಆಗಲೇ ಇಳಿದಿತ್ತು.

“ಗಂಟಲು ಕೆರೀತಿದೆ ಅಕ್ಕ.”

ಅವನನ್ನು ಎಬ್ಬಿಸಿ, ಮಂದಿಯ ಕಾಲು ತುಳಿದುಕೊಂಡು ಹೊರಗೆ ತಂದೆ. ಮೊಗಸಾಲೆಯ ಬೆಳಕಿನಲ್ಲಿ ಅವನ ತುಟಿ ಊದುತ್ತಿತ್ತು. ಉಸಿರಲ್ಲಿ ಸಿಳ್ಳೆ. ಮಗಳ ಹೆಸರು ಹಿಡಿದು ಕಿರುಚಿದೆ. ಕೈಯ ಹಿಟ್ಟು ಕೊಡವುತ್ತ ಓಡಿ ಬಂದವಳು ಅಪ್ಪನ ಮುಖ ನೋಡಿದವಳೇ ವಾಪಸು ಓಡಿ, ಚೀಲದಿಂದ ಚುಚ್ಚುವ ಮದ್ದು ತಂದು ಬಟ್ಟೆಯ ಮೇಲಿಂದಲೇ ತೊಡೆಗೆ ಒತ್ತಿದಳು. ಆಂಬುಲೆನ್ಸಿಗೆ ಫೋನು ಮಾಡುವಾಗ ಅವಳ ದನಿ ನಡುಗಲಿಲ್ಲ.

ಗೋಡೆಗೊರಗಿ ಅವನು ಕೂತ. ಸಿಳ್ಳೆ ಹೆಚ್ಚಿತು. ನಾನು ಅವನ ಬೆನ್ನಿಗೆ ಕೈಯಿಟ್ಟು, ಒಂದೊಂದೇ ಉಸಿರು ಒಳಗೆ ಹೋಗುವುದನ್ನು ಅಂಗೈಯಲ್ಲಿ ತಿಳಿದುಕೊಳ್ಳುತ್ತಿದ್ದೆ. ಒಮ್ಮೆ ನಿಂತ ಹಾಗಾಯಿತು. ಮತ್ತೆ ಎಳೆದ. ಆಮೇಲೆ ಮೆಲ್ಲಗೆ ಸಿಳ್ಳೆ ತಗ್ಗಿತು.

“ಮಳೆ ಆದಮೇಲಿನದಕ್ಕೆ ಹಿಂದಿಂದು ಅಂತಾರೇನೇ?” ಅವನ ನಾಲಗೆ ಇನ್ನೂ ದಪ್ಪವಾಗಿತ್ತು.

“ಮಳೆ ಬೆನ್ನಿಗೇ ಬರೋದು ಅಪ್ಪ!”

“ಹಿಂದೆ ಅಂದ್ರೆ ಆಗಿ ಹೋಗಿದ್ದು ಕಣೆ.”

ಅವಳು ಅಳತೊಡಗಿದಳು. ಬಡಿಸುವವನು ಬಾಗಿಲಲ್ಲಿ ತಲೆ ಹಾಕಿದ. “ಅಕ್ಕ, ಮದುವೆ ಸೀನು ಬಂತು. ಷರಬತ್ತು ಯಾರು ಸುರೀತಾರೆ?”

“ಹೋಗೇ,” ಅಂದ ತಮ್ಮ. “ಜನ ಕಾಯ್ತಿದ್ದಾರೆ.”

“ಕಾಯಲಿ,” ಅಂದು ಅವಳು ಅಪ್ಪನ ಮಣಿಕಟ್ಟು ಬಿಡದೆ ನೆಲದ ಮೇಲೆಯೇ ಕೂತಳು. ಆಂಬುಲೆನ್ಸಿನವರು ಬಂದು ಅವನನ್ನು ಎತ್ತುವವರೆಗೂ ಏಳಲಿಲ್ಲ.