ಹೆಳವಜ್ಜನ ಬೆರಳು

ಬಸುರಿ ಅಕ್ಕನ ಕುಬಸ. ಅವಳ ಕೈಗೆ ಹಸಿರು ಬಳೆ ಏರಿಸುತ್ತಿದ್ದಾಗ ಹೊರಗೆ ಮೊಪೆಡ್ ನಿಂತ ಸದ್ದಾಯಿತು. ಕಿಟಕಿಯಿಂದ ಇಣುಕಿದೆ. ತಲೆಗೆ ರುಮಾಲು, ಹೆಗಲಿಗೆ ಬಟ್ಟೆಯ ಚೀಲ. ಹೆಳವಜ್ಜ ಹಂಪಯ್ಯ. ಕೈಯಲ್ಲಿದ್ದ ಆರತಿ ತಟ್ಟೆಯನ್ನು ಅಲ್ಲೇ ಇಟ್ಟುಬಿಟ್ಟೆ.

ಅವರನ್ನು ಕರೆದವಳು ನಾನೇ.

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಹೊಸಪೇಟೆಯ ನಮ್ಮ ಮನೆಯಲ್ಲಿ ಹೊಲಿಗೆ ಮಷಿನ್ ಮುಂದೆ ಕೂತು, ಬಂದವರ ಮಾತು ಕೇಳುತ್ತಾ ಇರುತ್ತೇನೆ. ಹಾಗೆ ಕೇಳಿದ ನಮ್ಮ ಹಿರಿಯರ ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವ ಹುಚ್ಚು ಹತ್ತಿತು. ಮುತ್ತಜ್ಜ ಎರ್ರಿಯಪ್ಪನ ಹಿಂದೆ ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಮನೆಮನೆಯ ವಂಶ ಬರೆದಿಟ್ಟು ಓದುವುದು ಹೆಳವರ ಕಸುಬು. ನಂಬರ್ ಹುಡುಕಿ ಎರಡು ತಿಂಗಳ ಹಿಂದೆ ಫೋನ್ ಮಾಡಿದ್ದೆ. "ಆ ಕಡಿ ಬಂದಾಗ ಬರ್ತೀನವ್ವಾ" ಅಂದಿದ್ದರು.

ಹೋದ ವಾರ ನಮ್ಮ ಹಿರಿಯರ ಊರು ಬಂಡ್ರಿಗೆ ಹೋದಾಗ ದೂರದ ಅಜ್ಜಿ ತಾಯಕ್ಕ ಸೊಪ್ಪು ಸೋಸುತ್ತಾ ಹೇಳಿದಳು: "ಎರ್ರಿಯಪ್ಪ ಈ ಊರಾತ ಅಲ್ಲಲೇ. ಕಂಪ್ಲಿ ಕಡೆಯಾತ. ಮನಿ ಅಳಿಯ ಆಗಿ ಬಂದು ಹೆಂಡ್ತಿ ಬೆಡಗು ಹಚ್ಕೊಂಡ. ಹುಟ್ಟಿದ್ದು ಗೋಣಿಯೋರ ಬೆಡಗಿನ್ಯಾಗ."

ಕೈ ತಾನಾಗಿ ಬರೆದುಬಿಟ್ಟಿತ್ತು. ಬರೆದ ಮೇಲೆ ಹೊಳೆಯಿತು: ಹಾಗಾದರೆ ನಾವೂ ಗೋಣಿಯವರೇ. ಅಕ್ಕ ಶಿಲ್ಪಶ್ರೀಯ ಗಂಡನ ಮನೆಯವರೂ ಗೋಣಿಯವರು. ಬೆಡಗು ಅಂದರೆ ಗೋತ್ರವಿದ್ದ ಹಾಗೆ; ಒಂದೇ ಬೆಡಗಿನವರೆಂದರೆ ನಮ್ಮಲ್ಲಿ ಅಣ್ಣ-ತಂಗಿ. ಅವರ ನಡುವೆ ಮದುವೆಯೇ ಇಲ್ಲ. ಅಕ್ಕನಿಗೆ ಮದುವೆಯಾಗಿ ಎರಡು ವರ್ಷ, ಈಗ ಏಳು ತಿಂಗಳು. ಇಂಥದ್ದೇ ಗೊತ್ತಾಗಿ ನಮ್ಮ ಓಣಿಯ ಒಬ್ಬಳನ್ನು ಕೂಸಿನ ಸಮೇತ ತವರಿಗೆ ತಂದುಬಿಟ್ಟು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ಅಂದಿನಿಂದ, ಬರಬೇಡಿ ಅನ್ನಲು ಹೆಳವಜ್ಜನಿಗೆ ದಿನಾ ಫೋನ್ ಮಾಡಿದೆ. ಸ್ವಿಚ್ ಆಫ್.

"ಒಳ್ಳೇ ಹೊತ್ತಿಗೆ ಬಂದ್ರಿ. ಬರ್ರಿ, ಕುಂದ್ರಿ" ಎಂದು ಅಪ್ಪ ಕಂಬಳಿ ಹಾಸಿದ. ಎಮ್ಮಿಗನೂರಿನಿಂದ ಬಂದ ಬೀಗರು ಸುತ್ತ ಕೂತರು. ಅಕ್ಕನ ಅತ್ತೆ ನಿಂಗಕ್ಕ ಮುಂದೆ ಸರಿದಳು.

"ಓದ್ರಿ ಓದ್ರಿ. ನಮ್ ಸೊಸಿ ಎಂಥ ಮನಿಯಾಕಿ ನೋಡೋಣು. ಕಳ್ರು ಗಿಳ್ರು ಅದಾರೇನು?"

ಎಲ್ಲರೂ ನಕ್ಕರು.

"ಊಟ ಮಾಡಿ ಓದ್ರಿ ಅಜ್ಜಾ" ಅಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಜ್ಜ ಪುಸ್ತಕ ಬಿಚ್ಚಿ, ಸಾಲಿನ ಮೇಲೆ ಬೆರಳಿಟ್ಟು ರಾಗವಾಗಿ ಓದತೊಡಗಿದರು. ಹೆಸರುಗಳು ಒಂದೊಂದಾಗಿ ಇಳಿದು ಬಂದವು. "ಆತನ ಹೊಟ್ಟಿಲೆ ಹೊಳೆಮ್ಮ ಅಂತ ಮಗಳು..." ಹೊಳೆಮ್ಮ ಎರ್ರಿಯಪ್ಪನ ಹೆಂಡತಿ.

ಬೆರಳು ನಿಂತಿತು.

"ಬೀಗರದು ಯಾವ ಬೆಡಗ್ರಿ?"

"ಗೋಣಿಯೋರು!" ನಿಂಗಕ್ಕ ಜಂಬದಿಂದ ಅಂದಳು.

ಅಜ್ಜ ತಲೆ ಎತ್ತಿ ಅಕ್ಕನ ಹೊಟ್ಟೆ ನೋಡಿದರು. ಆಮೇಲೆ ನನ್ನನ್ನು. ನನ್ನ ಮುಖದಲ್ಲಿ ಏನು ಕಂಡರೋ, ಕೆಮ್ಮಿ ನೀರು ಕೇಳಿದರು. ಚೊಂಬು ಖಾಲಿಯಾಗುವ ತನಕ ನಿಧಾನ ಕುಡಿದರು. ಬೆರಳು ಎರಡು ಸಾಲು ಕೆಳಗಿಳಿಯಿತು.

"ಆಮ್ಯಾಲ ಎರ್ರಿಯಪ್ಪ. ಎರ್ರಿಯಪ್ಪನ ಹೊಟ್ಟಿಲೆ ಹನುಮಣ್ಣ..."

ಹೊರಟಾಗ ಮೊರದಲ್ಲಿ ಜೋಳ ಒಯ್ದು ಕೊಟ್ಟೆ. ಅಜ್ಜ ಚೀಲ ಕಟ್ಟುತ್ತಾ ಮೆಲ್ಲಗೆ ಅಂದರು: "ಇವತ್ತು ಹಾರಿಸೀನಿ. ಅಳಸಾಕ ಮಾತ್ರ ಬರಂಗಿಲ್ಲವ್ವ."

ಹಿಂದಿನಿಂದ ಅಕ್ಕನ ಗಂಡ ಮಾರೇಶ್ ಭಾವ ಕೂಗಿದ: "ಅಜ್ಜಾ, ನಮ್ಮೂರಿಗೂ ಬರ್ರಿ. ನಮ್ದೂ ಓದೀರಂತ!"

"ನೋಡೋಣಪ್ಪ" ಎಂದು ಅಜ್ಜ ಮೊಪೆಡ್ ಏರಿದರು.

ಒಳಗೆ ಬಂದರೆ ಅಕ್ಕನ ತೊಡೆಯ ಮೇಲೆ ನನ್ನ ನೋಟ್‌ಬುಕ್!

"ಗಂಗಾ, ಇದರಾಗಿಂದ ಕೂಸಿಗೆ ಒಂದು ಹಳೇ ಹೆಸರು ತಗಿ ಅಂತಾರ ನಮ್ಮತ್ತಿ" ಅನ್ನುತ್ತಾ ಹಾಳೆ ತಿರುವಿದಳು.

ಕಿತ್ತುಕೊಂಡೆ. "ನನ್ನ ಅಕ್ಷರ ನಿನಗ ತಿಳಿಯಂಗಿಲ್ಲ. ನಾನೇ ಓದ್ತೀನಿ."

"ಅಬ್ಬಬ್ಬಾ, ಈ ಮೂಕಿಗೂ ಬಾಯಿ ಬಂತಲ್ಲ!" ಎಂದು ನಿಂಗಕ್ಕ ನನ್ನ ಮಗ್ಗುಲಿಗೇ ಬಂದು ಕೂತಳು.

ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದೆ. ಬಂಡ್ರಿಯ ಹಾಳೆ ಬಂತು. ನಾನೇ ದುಂಡಗೆ ಬರೆದ ಆ ಸಾಲು ಬಂತು. ಬೆರಳನ್ನು ಕೆಳಗಿಳಿಸಿದೆ.

"ಆಮ್ಯಾಲ ಎರ್ರಿಯಪ್ಪ" ಅಂದೆ.

ನಿಂಗಕ್ಕ ನನ್ನ ಬೆರಳನ್ನೇ ನೋಡುತ್ತಿದ್ದಳು.